ಟಿಟ್ಟಿಭದ ಹೆಲ್ಮೆಟ್ಟು

ವೇಗ ಮೀರಿದವರ ಫೋಟೋವನ್ನು ಎದುರಿನಿಂದ ಹೊಡೆಯುವ ಕ್ಯಾಮೆರಾ, ಮುಂದೆ ನಂಬರ್ ಪ್ಲೇಟೇ ಇಲ್ಲದ ಬೈಕನ್ನು ಹಿಡಿಯುತ್ತದೋ ಇಲ್ಲವೋ? ನಮ್ಮ ಇಂಗ್ಲೆಂಡಿನಲ್ಲಿ ಬೈಕಿಗೆ ನಂಬರ್ ಇರುವುದು ಹಿಂದೆ ಮಾತ್ರ. ನಮ್ಮ ಸ್ಕಾರ್‌ಬೆಕ್ ಸೇತುವೆಯ ಪಕ್ಕ ಮ್ಯಾಂಡಿಯ ಚಹಾ ವ್ಯಾನ್ ನಿಲ್ಲುತ್ತದಲ್ಲ, ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ಇದೊಂದು ಪ್ರಶ್ನೆ ಎತ್ತಿದರೆ ಸಾಕು, ಮಧ್ಯಾಹ್ನದವರೆಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಯಾರ್ಕ್‌ಶೈರಿನ ಮೂಲೆಮೂಲೆಯಿಂದ ಬಂದ ಬೈಕಿನವರು, ಹೊಟ್ಟೆಯ ಮೇಲೆ ಚರ್ಮದ ಅಂಗಿಯ ಜಿಪ್ಪು ಏರದೆ ಅರ್ಧಕ್ಕೇ ನಿಂತಿರುವ ಮಹಾನುಭಾವರು, ಬಾಯಿ ತುಂಬ ಬೇಕನ್ ಬನ್ನು ತುರುಕಿಕೊಂಡೇ ವಾದಕ್ಕಿಳಿಯುತ್ತಾರೆ. ಸಾಧ್ಯವೇ ಇಲ್ಲ ಎನ್ನುವವನೊಬ್ಬ. ನನ್ನ ಭಾವನಿಗೆ ನೋಟಿಸ್ ಬಂದಿತ್ತು ಎನ್ನುವವನು ಇನ್ನೊಬ್ಬ. ಆ ಭಾವನನ್ನು ಇದುವರೆಗೆ ಯಾರೂ ಕಂಡಿಲ್ಲ, ಆ ಮಾತು ಬೇರೆ.

ಸರಿಯಾದ ಉತ್ತರ ಗೊತ್ತಿರುವುದು ಏವ್ರಿಲ್ ಬೂತ್‌ರಾಯ್ಡ್‌ಗೆ. ಆಕೆ ಜೀವಮಾನದಲ್ಲಿ ಬೈಕ್ ಓಡಿಸಿದವಳಲ್ಲ, ಗಂಡನ ಹಿಂದೆ ಕೂತವಳು. ಆದರೆ ಅವಳ ಎದುರಿಗೆ ಈಗ ಆ ಪ್ರಶ್ನೆ ಎತ್ತುವ ಎದೆ ಯಾರಿಗೂ ಇಲ್ಲ.

ಏವ್ರಿಲ್ ಬೋರ್ಡು ಬರೆಯುವವಳು. ಅಪ್ಪನಿಂದ ಬಂದ ಕಸುಬು. ನಮ್ಮ ಕಡೆಯ ಪಬ್ಬುಗಳ ಬಾಗಿಲ ಮೇಲೆ ತೂಗುವ ಕುರಿಮರಿ, ಕೆಂಪು ಸಿಂಹ, ಮಾಂಸದಂಗಡಿಯ ವ್ಯಾನಿನ ಮೇಲಿನ ಬಂಗಾರದ ಅಕ್ಷರ, ಎಲ್ಲ ಅವಳ ಕುಂಚದ್ದೇ. ಪ್ಲಾಸ್ಟಿಕ್ ಅಕ್ಷರ ಬಂದು ಆ ಕೆಲಸ ಬಿದ್ದುಹೋದಾಗ ಗಂಡ ಡೆಸ್ ಹೇಳಿದ, "ಹೆಲ್ಮೆಟ್ ಮೇಲೆ ಬರಿ ಕಣೇ. ಬೈಕಿನೋರಿಗೆ ಹೆಂಡ್ತಿ ಫೋಟೋಗಿಂತ ಹೆಲ್ಮೆಟ್ ಮೇಲೆ ಆಸೆ ಜಾಸ್ತಿ." ಬಾಯಿಗೆ ಬಂದದ್ದು ಹೇಳಿದ್ದಾದರೂ ಮಾತು ಸುಳ್ಳಾಗಲಿಲ್ಲ. ಅವರ ಮುಂದಿನ ಕೋಣೆ ಟರ್ಪೆಂಟೈನ್ ವಾಸನೆಯಿಂದ ತುಂಬಿಹೋಯಿತು, ಸೋಫಾದ ಮೇಲೆಲ್ಲ ಯಾರ್ಯಾರದೋ ಹೆಲ್ಮೆಟ್ಟು.

ಮೊದಲನೆಯದನ್ನು ಅವಳು ಬರೆದದ್ದು ಗಂಡನಿಗೇ. ಡೆಸ್‌ನ ತಲೆ ಪೂರಾ ಬೋಳು, ಹಿಂದೆ ಮಾತ್ರ ಒಂದು ಜುಟ್ಟು. ಹೆಲ್ಮೆಟ್ ತೆಗೆದೊಡನೆ ಅದು ಮೇಲೆದ್ದು ನಿಲ್ಲುತ್ತಿತ್ತು, ನಮ್ಮ ಬೆಟ್ಟದ ಹುಲ್ಲಿನಲ್ಲಿ ಓಡಾಡುವ ಟಿಟ್ಟಿಭ ಹಕ್ಕಿಯ ಜುಟ್ಟಿನ ಹಾಗೆ. ಊರಿನವರೆಲ್ಲ ಅವನನ್ನು ಜುಟ್ಟು ಡೆಸ್ ಎಂದೇ ಕರೆಯುತ್ತಿದ್ದುದು. ಅದಕ್ಕೇ ಏವ್ರಿಲ್ ಹೆಲ್ಮೆಟ್ಟಿನ ಹಣೆಯ ಮೇಲೆ ಹಸಿರು ಬೆನ್ನಿನ ಟಿಟ್ಟಿಭವೊಂದನ್ನು ಬರೆದಳು, ರೆಕ್ಕೆ ಎರಡೂ ಕಡೆ ಕಿವಿಯವರೆಗೆ ಚಾಚಿದ ಹಾಗೆ. ಎಡರೆಕ್ಕೆಯ ಬಣ್ಣದಲ್ಲಿ ಕುಂಚದ ಕೂದಲೊಂದು ಸಿಕ್ಕಿಕೊಂಡು ಒಣಗಿಹೋಯಿತು. ಕೀಳಲು ಹೋದರೆ ಡೆಸ್ ಬಿಡಲಿಲ್ಲ. "ಇರ್ಲಿ ಬಿಡೇ, ಅದೇ ನಿನ್ನ ಸಹಿ," ಎಂದ.

ಡೆಸ್ ಬೈಕ್ ಕಲಿಸುವ ಮೇಷ್ಟ್ರು. ಅಷ್ಟು ವರ್ಷದಲ್ಲಿ ಅವನ ಲೈಸೆನ್ಸಿನ ಮೇಲೆ ಒಂದೇ ಒಂದು ಕಪ್ಪುಚುಕ್ಕೆ ಬಿದ್ದದ್ದಿಲ್ಲ. ಬೆಟ್ಟದಿಂದ ಇಳಿಯುವ ರಸ್ತೆ ನೇರ ನಮ್ಮ ಶಾಲೆಯ ಮುಂದೆಯೇ ಹಾಯುವುದರಿಂದ, ಅಲ್ಲೊಂದು ಕ್ಯಾಮೆರಾ ಬೇಕು ಎಂದು ಮಕ್ಕಳ ತಾಯಂದಿರು ಹೋರಾಟಕ್ಕೆ ಹೊರಟಾಗ ಅವರ ಜೊತೆ ಹೋಗಿ ನಿಂತ ಒಬ್ಬನೇ ಬೈಕಿನವನು ಅವನು. ಚಹಾ ವ್ಯಾನಿನ ಮುಂದೆ ಉಳಿದ ಬೈಕಿನವರು ಅವನ ಮೈ ಚರ್ಮ ಸುಲಿದರು. ಅವನ ಹಳೆಯ ಗೆಳೆಯ ಕೆಲ್ವಿನ್ ಟ್ಯಾಟರ್ಸಾಲ್ ಅಂತೂ, "ನಮ್ ಕುತ್ತಿಗೆಗೆ ನಾವೇ ಹಗ್ಗ ತಂದ್ಕೊಡೋದಾ ಮಾರಾಯ?" ಎಂದು ರೇಗಿದ.

"ಅದು ಎದುರಿಂದ ಹೊಡಿಯೋ ಕ್ಯಾಮೆರಾ ಕಣೋ," ಎಂದ ಡೆಸ್. "ಕಾರಿನೋರು ಸಿಕ್ಕಿಬೀಳ್ತಾರೆ. ನಮ್ಗೆ ಮುಂದೆ ನಂಬರ್ರೇ ಇಲ್ವಲ್ಲ, ತಪ್ಪಿಸ್ಕೊಳ್ತೀವಿ. ಅದಕ್ಕೇ ನಾವು ಅವ್ರಿಗಿಂತ ನಿಧಾನ ಹೋಗ್ಬೇಕು. ಇಲ್ದಿದ್ರೆ ಆ ತಾಯಂದಿರ ಮುಖ ಹೆಂಗೋ ನೋಡೋದು?"

ಕ್ಯಾಮೆರಾ ಬಂತು. ಶಾಲೆಯ ಗೇಟಿನ ಪಕ್ಕ ಏವ್ರಿಲ್ ಒಂದು ಬೋರ್ಡು ಬರೆದುಕೊಟ್ಟಳು. ದೊಡ್ಡಕ್ಷರದಲ್ಲಿ 'ನಿಧಾನ', ಕೆಳಗೆ ಡೆಸ್‌ನ ಟಿಟ್ಟಿಭ. ಮುಂದಿನ ಚಳಿಗಾಲದಲ್ಲೇ ಡೆಸ್ ಹೋಗಿಬಿಟ್ಟ. ರಸ್ತೆಯ ಮೇಲಲ್ಲ, ಹಿತ್ತಲಲ್ಲಿ ಆಲೂಗಡ್ಡೆಯ ಮಡಿ ಅಗೆಯುತ್ತಿದ್ದವನು ಕೂತ, ಏಳಲಿಲ್ಲ.

ಶವಪೆಟ್ಟಿಗೆ ಬೈಕಿನ ಪಕ್ಕಕ್ಕೆ ಜೋಡಿಸಿದ ಸೈಡ್‌ಕಾರಿನಲ್ಲಿ ಹೋಯಿತು, ಹಿಂದೆ ಬೈಕುಗಳ ಸಾಲು, ಎಲ್ಲವೂ ನಡಿಗೆಯ ವೇಗದಲ್ಲಿ. ದಹನಮಂದಿರದಲ್ಲಿ ಏವ್ರಿಲ್ ಪೆಟ್ಟಿಗೆಯ ಮೇಲೆ ಆ ಹೆಲ್ಮೆಟ್ ಇಟ್ಟಳು. ಕೆಲ್ವಿನ್ ಎದ್ದುನಿಂತು, "ಜುಟ್ಟು ಡೆಸ್ ಹೆಲ್ಮೆಟ್ ಜೊತೆಗೇ ತಗೊಂಡ್ ಹೋಗ್ತಿದಾನೆ. ಸ್ವರ್ಗದ ರಸ್ತೇಲೂ ಗುಂಡಿ ಇರಬಹುದು, ಯಾರಿಗ್ ಗೊತ್ತು," ಎಂದಾಗ ಜನ ಅಳುತ್ತಲೇ ನಕ್ಕರು. ಪೆಟ್ಟಿಗೆಯ ಮುಂದೆ ಪರದೆ ಮುಚ್ಚಿತು. ಮನೆಗೆ ಬಂದ ಮೇಲೂ ಏವ್ರಿಲ್ ಕೇಳಿದ್ದಳು, "ಹೋಯ್ತಲ್ಲ ಕೆಲ್ವಿನ್, ಅವನ ಜೊತೇಲೇ?" ಅವನು ಅವಳ ಕೈ ಹಿಡಿದು, "ಜೊತೇಲೇ ಹೋಯ್ತು ಕಣೇ," ಎಂದಿದ್ದ. ತನ್ನ ಕೈಯ ಕೆಲಸವೊಂದು ಅವನ ತಲೆಯ ಬಳಿ ಕಡೆಯವರೆಗೂ ಇತ್ತು ಎನ್ನುವ ಆ ಒಂದು ಸಮಾಧಾನ ಹಿಡಿದುಕೊಂಡೇ ಅವಳು ಆ ವರ್ಷ ದಾಟಿದಳು.

ಕೆಲ್ವಿನ್ ಒಳ್ಳೆಯವನೇ, ಅಂದರೆ ಎಲ್ಲರೂ ಹಾಗೆಂದುಕೊಂಡಿದ್ದರು. ಶುಕ್ರವಾರ ಬಂತೆಂದರೆ ಮೀನು, ಚಿಪ್ಸಿನ ಪೊಟ್ಟಣ ಹಿಡಿದು ಏವ್ರಿಲ್‌ಳ ಬಾಗಿಲಲ್ಲಿ ಹಾಜರು. ಸೂರಿನಂಚಿನ ಮಳೆನೀರಿನ ದೋಣಿ ಸೋರುತ್ತಿದ್ದುದನ್ನು ಅವನೇ ಸರಿಮಾಡಿಕೊಟ್ಟ. ಬೇಸಿಗೆಯ ಒಂದು ಶುಕ್ರವಾರ, ವಿನಿಗರ್ ಚಿಮುಕಿಸುತ್ತ ಅವನು ಹೇಳಿದ, "ಒಂದ್ ವಿಷ್ಯ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಜುಟ್ಟು ಡೆಸ್ ಕಾಣಿಸ್ಕೊಂಡನಂತೆ."

"ಏನು?"

"ಭಾನುವಾರ ಬೆಳಿಗ್ಗೆ, ಬೆಟ್ಟದ ಕಡೆಯಿಂದ ಬಂದು ಊರ್ ನಡುವೆ ಸೊಯ್ ಅಂತ ಹೋದನಂತೆ. ಅದೇ ಹಕ್ಕಿ, ಹಣೆ ಮೇಲೆ. ವ್ಯಾನ್ ಹತ್ರ ಎಲ್ಲಾ ಅದೇ ಮಾತು. ಸತ್ ಮೇಲೆ ಸ್ಪೀಡು ಜಾಸ್ತಿಯಾಗಿದೆ ಅಂತಾರೆ ನನ್ಮಕ್ಳು."

ಏವ್ರಿಲ್‌ಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಆಮೇಲೆ ಅಳುವೂ ಬಂತು. ದೆವ್ವ-ಗಿವ್ವ ನಂಬುವವಳಲ್ಲ ಅವಳು. ಆದರೂ, ಹೇಳಲು ನಾಚಿಕೆಯಾಗುತ್ತದೆ, ಅಂದಿನಿಂದ ಭಾನುವಾರ ಬೆಳಿಗ್ಗೆ ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂರತೊಡಗಿದಳು. ಒಂದು ಸಲ ಒಳಗೆ ಹೋಗಿದ್ದಾಗ ಶಬ್ದ ಕೇಳಿ ಓಡಿಬರುವಷ್ಟರಲ್ಲಿ ರಸ್ತೆಯ ಮೇಲೆ ಹೊಗೆ ಮಾತ್ರ ಇತ್ತು. ಕೆಲ್ವಿನ್‌ಗೆ ಅದನ್ನು ಹೇಳಿಕೊಂಡು, "ನೀನ್ ಹೇಳ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ ನೋಡು," ಎಂದು ಉಪಕಾರ ಸ್ಮರಿಸಿದಳು. ಪಾಪದ ಹೆಂಗಸು!

ತಮಾಷೆ ತಿರುಗಿಬೀಳಲು ಬಹಳ ದಿನ ಬೇಕಾಗಲಿಲ್ಲ. ಒಂದು ಬೆಳಿಗ್ಗೆ ಅಂಗಡಿಯಲ್ಲಿ, ಹಿಂದೆ ಡೆಸ್ ಜೊತೆ ಕ್ಯಾಮೆರಾಕ್ಕಾಗಿ ಓಡಾಡಿದ ತಾಯಿಯೊಬ್ಬಳು ಬ್ರೆಡ್ಡು ಹಿಡಿದು ನಿಂತಿದ್ದ ಏವ್ರಿಲ್‌ಳ ಮುಖಕ್ಕೇ ಹೇಳಿದಳು, "ನಿಮ್ ಯಜಮಾನ್ರ ಹಕ್ಕಿ ನಿನ್ನೆ ನನ್ ಮಗಳನ್ನ ಸವರ್ಕೊಂಡೇ ಹೋಯ್ತು ಏವ್ರಿಲ್. ನಮ್ ಜೊತೆ ನಿಂತು, ಬೈಕಿನೋರು ಸಿಗದ ಕ್ಯಾಮೆರಾ ಹಾಕ್ಸಿ ತಮ್ಮೋರಿಗೆ ಹಾದಿ ಮಾಡ್ಕೊಟ್ರು ಅಂತ ಈಗ ಅನ್ನಿಸ್ತಿದೆ." ಶಾಲೆಯ ಗೇಟಿನ ಬೋರ್ಡಿನ ಮೇಲೆ ಯಾರೋ ಕೆಸರು ಮೆತ್ತಿದ್ದರು. ಏವ್ರಿಲ್ ಬಕೆಟ್ಟು ತಂದು ತೊಳೆದಳು. ಡೆಸ್ ಬಿಟ್ಟುಹೋದದ್ದು ಹೆಸರೊಂದನ್ನೇ, ಅದಕ್ಕೂ ಕೆಸರು ಬಿತ್ತಲ್ಲ.

ಅದೇ ವಾರ ಪೊಲೀಸ್ ಕಾನ್‌ಸ್ಟೇಬಲ್ ನಾಜಿಯಾ ಬಾಗಿಲು ತಟ್ಟಿದಳು. ಬ್ರಾಡ್‌ಫರ್ಡಿನ ಹುಡುಗಿ, ನಮ್ಮ ಕಡೆಗೆ ಹೊಸಬಳು.

"ಮಿಸೆಸ್ ಬೂತ್‌ರಾಯ್ಡ್, ಹೆಲ್ಮೆಟ್ ಮೇಲೆ ಚಿತ್ರ ಬರಿಯೋರು ನೀವೇ ಅಂತೆ. ಇದನ್ನೊಂದು ನೋಡ್ತೀರಾ?"

ಕ್ಯಾಮೆರಾ ತೆಗೆದ ಫೋಟೋ. ಬೈಕಿನ ಮೂತಿ, ಅದರ ಮೇಲೆ ಬಗ್ಗಿದ ಕಪ್ಪು ಅಂಗಿ, ಕಪ್ಪು ಗಾಜು, ಹಣೆಯ ಮೇಲೆ ರೆಕ್ಕೆ ಚಾಚಿದ ಟಿಟ್ಟಿಭ.

"ಯಾರೋ ನೋಡಿ ಬರ್ದಿರ್ತಾರೆ ಮಗಾ. ಅಸಲಿದು ಸುಟ್ಟು ಬೂದಿಯಾಯ್ತು, ಪೆಟ್ಟಿಗೆ ಮೇಲೆ ಇಟ್ಟೋಳು ನಾನೇ," ಎಂದಳು ಏವ್ರಿಲ್. ಹೇಳುತ್ತಲೇ ಕನ್ನಡಕ ಹಾಕಿಕೊಂಡಳು. ನಾಜಿಯಾ ಫೋನಿನಲ್ಲಿ ಅದೇ ಚಿತ್ರವನ್ನು ಹಿಗ್ಗಿಸಿ ತೋರಿಸಿದಳು. ಎಡರೆಕ್ಕೆಯ ಹಸಿರಿನಲ್ಲಿ ಅಡ್ಡಲಾಗಿ ಒಂದು ಕೂದಲೆಳೆ ಇತ್ತು. ಏವ್ರಿಲ್ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು, ಅವಳ ಕುಂಚದ್ದೇ.

"ಮುಂದೆ ನಂಬರ್ ಇಲ್ಲ ನೋಡಿ, ನಾವು ಏನೂ ಮಾಡೋಕಾಗಲ್ಲ," ಎನ್ನುತ್ತಿದ್ದಳು ನಾಜಿಯಾ. "ಇರೋದು ಈ ಹೆಲ್ಮೆಟ್ ಒಂದೇ. ಯಾರನ್ನ ಕೇಳಿದ್ರೂ ಸತ್ತೋರ ಹೆಸರು ಹೇಳ್ತಾರೆ. ಸತ್ತೋರಿಗೆ ನೋಟಿಸ್ ಎಲ್ಲಿಗೆ ಕಳಿಸ್ಲಿ ನಾನು?"

ಅವಳು ಹೋದೊಡನೆ ಏವ್ರಿಲ್ ಫೋನ್ ಮಾಡಿದ್ದು ಶವಸಂಸ್ಕಾರ ನಡೆಸಿಕೊಟ್ಟ ಕ್ರಾಬ್‌ಟ್ರೀಗೆ.

"ಹೆಲ್ಮೆಟ್ಟೇ?" ಆತನಿಗೇ ಆಶ್ಚರ್ಯ. "ಅದನ್ನ ಬೆಂಕಿಗೆ ಹಾಕೋ ಹಾಗೇ ಇಲ್ವಲ್ಲಮ್ಮ, ಪ್ಲಾಸ್ಟಿಕ್ಕು, ವಿಷದ ಹೊಗೆ. ಪರದೆ ಹಾಕಿದ ಮೇಲೆ ತೆಗೆದು ವಾಪಸ್ ಕೊಟ್ವಿ. ನಿಮ್ಗೆ ಆ ಹೊತ್ನಲ್ಲಿ ಹೇಳೋದು ಬೇಡ, ನಾನೇ ನಿಧಾನಕ್ಕೆ ಹೇಳಿ ಕೊಡ್ತೀನಿ ಅಂದ್ರು ಮಿಸ್ಟರ್ ಟ್ಯಾಟರ್ಸಾಲ್. ಕೊಡ್ಲಿಲ್ವೇ?"

"ಕೊಟ್ಟ," ಎಂದು ಏವ್ರಿಲ್ ಫೋನ್ ಇಟ್ಟಳು. ಯಾಕೆ ಹಾಗೆಂದಳೋ. ಮೋಸ ಹೋದವರಿಗೆ ಮೊದಲು ಆಗುವುದು ಸಿಟ್ಟಲ್ಲ, ನಾಚಿಕೆ. ಜೊತೇಲೇ ಹೋಯ್ತು ಕಣೇ, ಎಂದು ಕೈ ಹಿಡಿದವನು! ಅವನು ತಂದ ಮೀನನ್ನು ತಿಂದು, ಅವನು ಹೇಳಿದ ದೆವ್ವದ ಕಥೆ ಕೇಳಿ, ಕಿಟಕಿಯಲ್ಲಿ ಕಾದು ಕೂತು, ಮೇಲೆ ಅವನಿಗೇ ಧನ್ಯವಾದ ಬೇರೆ ಹೇಳಿದ್ದಳಲ್ಲ. ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದರೆ ಇದೇ.

ಶುಕ್ರವಾರ ಕೆಲ್ವಿನ್ ಬಂದ. ಪೊಟ್ಟಣ ಬಿಚ್ಚುವ ಮೊದಲೇ ಏವ್ರಿಲ್ ಕೇಳಿದಳು, "ಹೆಲ್ಮೆಟ್ ಎಲ್ಲಿ?"

ಅವನು ಏನೇನೋ ಮುಖ ಮಾಡಿದ. ಕ್ರಾಬ್‌ಟ್ರೀ ಹೆಸರು ಕೇಳಿದ ಮೇಲೆ ಕುರ್ಚಿಯಲ್ಲಿ ಕುಸಿದ. "ಕೊಡೋಣ ಅಂತಲೇ ಇದ್ದೆ ಕಣೇ. ದೇವರಾಣೆ. ನೀನು ಜೊತೇಲಿ ಹೋಯ್ತಾ ಅಂತ ಕೇಳ್ದಾಗ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

"ಅದನ್ನ ಒಪ್ತೀನಿ. ತಲೆಗೆ ಯಾಕೆ ಹಾಕ್ಕೊಂಡೆ?"

"ಅವನಿಲ್ದೆ ಒಬ್ಬನೇ ಹೋಗೋದು ಹೆಂಗಿರುತ್ತೆ ಅಂತ ನಿಂಗೇನ್ ಗೊತ್ತು? ಹಾಕ್ಕೊಂಡ್ರೆ ಅವನೇ ಜೊತೇಲಿದ್ದ ಹಾಗಿರುತ್ತೆ."

"ಅವನು ಜೊತೇಲಿದ್ದಿದ್ರೆ ಶಾಲೆ ಮುಂದೆ ಮೂವತ್ತು ಮೈಲಿ ಮೇಲೆ ಹೋಗ್ತಿರಲಿಲ್ಲ ಕೆಲ್ವಿನ್."

ಅವನು ಪೊಟ್ಟಣವನ್ನು ಮೇಜಿನ ಮೇಲೆ ಅತ್ತ ಸರಿಸಿದ. ಆಮೇಲೆ ನಿಜ ಹೊರಬಿತ್ತು, ಬೇಕಂತಲೇ ಅಲ್ಲ, ಬಾಯಿ ಜಾರಿ. "ಅಯ್ಯೋ, ಯಾರಿಗೇನ್ ನಷ್ಟ ಹೇಳು? ನನ್ ಲೈಸೆನ್ಸು ಆಗ್ಲೇ ಅಂಚಲ್ಲಿದೆ, ಇನ್ನೊಂದ್ ಸಲ ಸಿಕ್ಕಿಬಿದ್ರೆ ಹೋಯ್ತು. ಮುಂದೆ ನಂಬರ್ ಇಲ್ಲ, ಹೆಲ್ಮೆಟ್ ನೋಡಿ ಹುಡುಕಿದ್ರೂ ಸಿಗೋದು ಡೆಸ್. ಸತ್ತೋನಿಗೆ ಯಾರ್ ದಂಡ ಹಾಕ್ತಾರೆ?"

ಏವ್ರಿಲ್ ಅವನನ್ನೇ ನೋಡಿದಳು. ಅಳು ಬಂದರೆ ಇವನ ಮುಂದೆ ಅಳಬಾರದು ಎಂದು ಹಲ್ಲು ಕಚ್ಚಿದಳು. "ತಂದ್ಕೊಡು," ಎಂದಳು.

ಹೆಲ್ಮೆಟ್ ಬೈಕಿನ ಹಿಂದಿನ ಪೆಟ್ಟಿಗೆಯಲ್ಲೇ ಇತ್ತು. ತಂದು ಮೇಜಿನ ಮೇಲಿಟ್ಟು ಕೆಲ್ವಿನ್ ಹಗುರಾದ. "ಮುಗೀತಲ್ಲ? ನೀನು ಬೈಕಿನೋನ ಹೆಂಡ್ತಿ, ಪೊಲೀಸ್ನೋರ ಹತ್ರ ಬಾಯಿ ಬಿಡೋಳಲ್ಲ ಅಂತ ಗೊತ್ತು ನಂಗೆ," ಎಂದು ಅವಳ ಭುಜ ತಟ್ಟಿ ಹೊರಟ. ಮೀನು ಮೇಜಿನ ಮೇಲೆ ಹಾಗೇ ತಣ್ಣಗಾಯಿತು.

ಶನಿವಾರ ಏವ್ರಿಲ್ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಒಳಗಿನ ಬಟ್ಟೆ ಮೂಸಿದಳು. ಡೆಸ್‌ನ ವಾಸನೆ ಇರಲಿಲ್ಲ, ಕೆಲ್ವಿನ್‌ನ ತಲೆಯ ಕ್ರೀಮಿನ ವಾಸನೆಯಿತ್ತು. ಅಲ್ಲಿಗೆ ಅವಳ ಕೈ ಗಟ್ಟಿಯಾಯಿತು. ಉಪ್ಪುಕಾಗದ ತೆಗೆದುಕೊಂಡು ಉಜ್ಜತೊಡಗಿದಳು. ಮೊದಲು ರೆಕ್ಕೆ, ಆಮೇಲೆ ಬೆನ್ನು. ಜುಟ್ಟಿನ ಹತ್ತಿರ ಬಂದಾಗ ಮಾತ್ರ ಒಮ್ಮೆ ನಿಲ್ಲಿಸಿ, ಮೂಗು ಒರೆಸಿಕೊಂಡು, ಅದನ್ನೂ ಉಜ್ಜಿದಳು. ಹಸಿರು ಪುಡಿ ಸೊಂಟಕ್ಕೆ ಕಟ್ಟಿಕೊಂಡಿದ್ದ ಏಪ್ರನ್ನಿನ ಮೇಲೆಲ್ಲ ಬಿತ್ತು. ಬರಿದಾದ ಹಣೆಗೆ ಬಿಳಿ ಬಳಿದಳು, ಒಣಗಿದ ಮೇಲೆ ಕಪ್ಪಿನಲ್ಲಿ ಬರೆಯಲು ಕೂತಳು. ಆಮೇಲೆ ನಾಜಿಯಾಗೆ ಫೋನ್ ಮಾಡಿ, "ನಾಳೆ ಸೇತುವೆ ಹತ್ರ ಚಹಾ ಕುಡಿಯೋಕೆ ಬಾ ಮಗಾ," ಎಂದಳು.

ಭಾನುವಾರ ವ್ಯಾನಿನ ಮುಂದೆ ಎಂದಿನ ಜಾತ್ರೆ. ಏವ್ರಿಲ್‌ಳನ್ನು ಕಂಡು ಜನ ದಾರಿ ಬಿಟ್ಟರು. ಅವಳು ಸಂತೆಚೀಲದಿಂದ ಹೆಲ್ಮೆಟ್ ತೆಗೆದು ಮ್ಯಾಂಡಿಯ ವ್ಯಾನಿನ ಕೌಂಟರಿನ ಮೇಲೆ, ಸಾಸಿನ ಬಾಟಲಿಗಳ ಪಕ್ಕ, ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಹಣೆಯ ಮೇಲೆ ಹಕ್ಕಿ ಇರಲಿಲ್ಲ. ಕಾರಿನ ಮುಂದಿರುವಂಥದ್ದೇ ಒಂದು ನಂಬರ್ ಪ್ಲೇಟು, ಅಳತೆ ಹಿಡಿದು ಬರೆದ ಕಪ್ಪು ಅಕ್ಷರ.

"ಇದು ಡೆಸ್‌ದು," ಎಂದಳು ಏವ್ರಿಲ್. "ಸುಟ್ಟಿರಲಿಲ್ಲ. ಇಷ್ಟು ದಿನ ಯಾರ ತಲೆ ಮೇಲಿತ್ತು ಅಂತ ಓದ್ಕೊಳ್ಳಿ."

ಓದಿದರು. ಆಮೇಲೆ ಒಬ್ಬೊಬ್ಬರಾಗಿ ತಿರುಗಿ, ಸೇತುವೆಯ ಗೋಡೆಗೆ ಮೂತಿ ಮಾಡಿ ನಿಂತಿದ್ದ ಕೆಲ್ವಿನ್‌ನ ಬೈಕಿನ ಹಿಂದಿನ ಹಳದಿ ಪ್ಲೇಟನ್ನು ನೋಡಿದರು. ಎರಡೂ ಒಂದೇ ನಂಬರ್. ಕೈಯಲ್ಲಿ ಚಹಾ ಹಿಡಿದಿದ್ದ ನಾಜಿಯಾ ಅದನ್ನು ಕೆಳಗಿಟ್ಟು ಬೈಕಿನ ಕಡೆ ನಡೆದಳು.

ಕೆಲ್ವಿನ್ ಬಿಳಿಚಿಕೊಂಡಿದ್ದ. "ಏವ್ರಿಲ್, ಅದು ಅವನ ಹಕ್ಕಿ ಕಣೇ," ಎಂದ. "ಅದನ್ನೇ ಕೆರೆದು ಹಾಕ್ಬಿಟ್ಯಾ?"

"ಹೂಂ, ನಾನೇ ಕೆರೆದೆ. ಬೇರೆ ದಾರಿ ಎಲ್ಲಿ ಬಿಟ್ಟಿದ್ದೆ ನೀನು?"

ಮ್ಯಾಂಡಿ ಅವಳ ಮುಂದೆ ಒಂದು ಲೋಟ ಚಹಾ ಇಟ್ಟಳು. ಹಿಡಿಯಲು ಕೈ ಚಾಚಿದ ಏವ್ರಿಲ್‌ಳ ಉಗುರಿನ ಸಂದಿಯಲ್ಲೆಲ್ಲ ಹಸಿರು ಉಳಿದಿತ್ತು. ರಾತ್ರಿ ಸೋಪು ಹಾಕಿ ತೊಳೆಯಬಹುದಿತ್ತು, ಅವಳು ತೊಳೆದಿರಲಿಲ್ಲ.