ಗೋದಲಿಗೆ ಹೋದ ಎಂಜಿನು

ನನ್ನ ಅಣ್ಣನನ್ನು ಕಂಡರೆ ನನಗಾಗದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಸಮಾಧಾನ ಮಾಡಲು ಬರುವುದು ಬೇಡ.

ನಾನು ಮಸ್ಕತ್ತಿನಲ್ಲಿ ನರ್ಸಾಗಿದ್ದು, ನಿವೃತ್ತಿಯಾದ ಮೇಲೆ ಕದ್ರಿಯ ಮನೆಗೆ ಬಂದವಳು. ಪಪ್ಪ ನನ್ನ ಜೊತೆಗೇ ಇದ್ದರು. ಹಿಂದೆ ರೈಲ್ವೆಯಲ್ಲಿ ಉಗಿ ಎಂಜಿನುಗಳಿಗೆ ಕಲ್ಲಿದ್ದಲು ಹಾಕುತ್ತಿದ್ದವರು. ಕಣ್ಣು ಪೂರ್ತಿ ಹೋಗಿತ್ತು, ಕಿವಿ ಮಾತ್ರ ಚುರುಕು. "ಸಾಯುವ ಮೊದಲು ಒಮ್ಮೆ ಉಗಿಯ ಶಬ್ದ ಕೇಳ್ಬೇಕಿತ್ತು" ಎಂದು ಒಂದು ದಿನ ಹೇಳಿದರು. ಅದಕ್ಕೆಂದೇ ನಾನು ಎಂಜಿನು ಮಾಡಲು ಕೈಹಾಕಿದ್ದು. ಇಂಗ್ಲೆಂಡಿನಲ್ಲಿ ಮೊದಮೊದಲು ಓಡಿದ, ಉದ್ದ ಚಿಮಣಿಯ ಹಳದಿ ಎಂಜಿನೊಂದರ ಚಿತ್ರ ಅವರ ರೈಲ್ವೆ ಶೆಡ್ಡಿನ ಗೋಡೆಯಲ್ಲಿತ್ತಂತೆ. ಅದರದೇ ಮಾದರಿ, ಗೇಣುದ್ದದ್ದು. ಆದರೆ ನಿಜವಾದ ನೀರು, ನಿಜವಾದ ಬೆಂಕಿ. ಎರಡು ವರ್ಷ ಊಟದ ಮೇಜಿನ ಮೇಲೆ ಹಿತ್ತಾಳೆ ಕೊಯ್ದೆ, ಬೆಸೆದೆ, ಬೆರಳು ಸುಟ್ಟುಕೊಂಡೆ. ಬಾಯ್ಲರಿಗೆ ನೀರು ತುಂಬಿ ಒತ್ತಡ ಕೊಟ್ಟು ನೋಡಿದಾಗ ಒಂದು ಹನಿ ಸೋರಲಿಲ್ಲ. ಕ್ರಿಸ್ಮಸ್ ದಿನ ಚರ್ಚಿನ ಪೂಜೆ ಮುಗಿಸಿ ಬಂದು ಮೊದಲ ಬೆಂಕಿ ಹಾಕುತ್ತೇನೆಂದು ಪಪ್ಪನಿಗೆ ಮಾತು ಕೊಟ್ಟಿದ್ದೆ.

ಅಣ್ಣನಿರುವುದು ಬಜಪೆಯಲ್ಲಿ. ಅವನ ವಾರ್ಡಿನವರಿಗೆ ವರ್ಷವೂ ಗೋದಲಿ ಸ್ಪರ್ಧೆಯ ಹುಚ್ಚು. ಬಾಲಯೇಸು ಹುಟ್ಟಿದ ಕೊಟ್ಟಿಗೆಯೊಂದನ್ನು ಕಟ್ಟಿ ಸುಮ್ಮನಿರುವ ಜನವಲ್ಲ. ಪಕ್ಕದಲ್ಲಿ ಜಲಪಾತ ಬೇಕು, ವಿಮಾನ ಬೇಕು, ಸುತ್ತ ರೈಲು ಓಡಬೇಕು. ಹಬ್ಬಕ್ಕೆ ಮೂರು ದಿನವಿರುವಾಗ ನಾನು ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಬಂದ. ಪಪ್ಪ ನಿದ್ದೆಯಲ್ಲಿದ್ದರು. ಹೇಳದೆ ಕೇಳದೆ ಎಂಜಿನನ್ನು ಎತ್ತಿಕೊಂಡು ಹೋದ. ಪಕ್ಕದ ಮನೆಯವರು ಕಂಡದ್ದು ಹೇಳಿದರು, ಫೋನ್ ಮಾಡಿದೆ.

"ಎಂತ ಮಾರಾಯ್ತಿ, ಯೇಸುವಿಗಲ್ವಾ? ಎರಡು ದಿನ ಅಷ್ಟೆ."

"ಯೇಸು ನಿನ್ನಲ್ಲಿ ಎಂಜಿನ್ ಕೇಳಿದ್ನಾ? ಈಗಲೇ ತಾ!"

ಕಟ್ ಮಾಡಿದ. ಆಮೇಲೆ ಎತ್ತಲೇ ಇಲ್ಲ. ಮರುದಿನ ರಿಕ್ಷಾ ಹಿಡಿದೆ. ನಂತೂರಿನಲ್ಲಿ ಟ್ರಕ್ಕುಗಳ ನಡುವೆ ಸಿಕ್ಕಿಕೊಂಡಷ್ಟು ಹೊತ್ತೂ ಅವನನ್ನು ಬಾಯ್ತುಂಬ ಬೈದೆ, ರಿಕ್ಷಾದವನು ಹಿಂದೆ ತಿರುಗಿ ನೋಡುವಷ್ಟು. ಅಲ್ಲಿ ಹೋದರೆ, ನನ್ನ ಎಂಜಿನು ಹುಲ್ಲಿನ ಕೊಟ್ಟಿಗೆಗೆ ಸುತ್ತು ಬರುತ್ತಿದೆ. ಬಾಯ್ಲರಿನ ಹೊಟ್ಟೆಗೆ ತೂತು ಕೊರೆದು ಬ್ಯಾಟರಿಯ ವಯರು ತುರುಕಿದ್ದಾನೆ, ಪಾಪಿ! ಹೊಗೆಗೆಂದು ಚಿಮಣಿಯಲ್ಲಿ ಅಗರಬತ್ತಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಡೀ ಗೋದಲಿಯನ್ನು ಒದೆಯಬೇಕೆನಿಸಿತು. ಬಾಲಯೇಸುವಿನ ಮುಖ ನೋಡಿ ಕಾಲು ತಡೆದೆ. ತೂತು ಬಿದ್ದದ್ದನ್ನು ಹೊತ್ತು ತಂದು ಏನು ಮಾಡಲಿ? ಬಿಟ್ಟು ಬಂದೆ. ಪಪ್ಪನಿಗೆ ಹೇಳಲು ಬಾಯಿ ಬರಲಿಲ್ಲ.

ಕ್ರಿಸ್ಮಸ್ ದಿನ ಅಣ್ಣ ಒಂದು ಕೈಯಲ್ಲಿ ಗೆದ್ದ ಕಪ್, ಇನ್ನೊಂದರಲ್ಲಿ ಎಂಜಿನು ಹಿಡಿದು ಹಲ್ಲು ಕಿಸಿಯುತ್ತ ಬಂದ. "ಪಪ್ಪ, ಫಸ್ಟ್ ಪ್ರೈಸ್!" ಎಂಜಿನನ್ನು ಅವರ ಮಡಿಲಲ್ಲಿಟ್ಟು, ಮೊಬೈಲಿನಲ್ಲಿ ಯಾವುದೋ ಉಗಿಬಂಡಿಯ ಶಬ್ದ ಹಾಕಿದ.

ಪಪ್ಪ ಬಾಯ್ಲರಿನ ಮೇಲೆ ಅಂಗೈ ಇಟ್ಟರು. "ಶಬ್ದ ಉಂಟು, ಬಿಸಿಯೇ ಇಲ್ಲ ಅಲ್ವಾ?" ಬೆರಳು ತಡಕುತ್ತ ತೂತಿನ ಹತ್ತಿರ ನಿಂತಿತು. "ಇದೆಂತ?"

ಅವನೇ ಹೇಳಲಿ ಎಂದು ನಾನು ಅಣ್ಣನ ಕಡೆ ತಿರುಗಿದೆ.

"ಅದು ಮೊದಲೇ ಇತ್ತು ಪಪ್ಪ. ಇವಳಿಗೆಲ್ಲಿ ಬೆಸುಗೆ ಬರ್ತದೆ?"

ಪಪ್ಪ ಉಗುರಿನಿಂದ ತೂತಿನ ಅಂಚನ್ನು ಕೆರೆದು ನೋಡಿದರು. "ಇದು ಡ್ರಿಲ್ಲಿನ ತೂತು. ಅಂಚು ಇನ್ನೂ ಚುಚ್ತದೆ. ಆ ಮೊಬೈಲ್ ಬಂದ್ ಮಾಡು. ನಿನ್ನ ಕಪ್ ತೆಕ್ಕೊಂಡು ಹೋಗು."

ಹೋದ. ನಾನು ಚಿಲಕ ಹಾಕಿದೆ.

"ಹೊಸ ಬಾಯ್ಲರಿಗೆ ಎಷ್ಟು ಸಮಯ ಬೇಕು?" ಪಪ್ಪ ಕೇಳಿದರು.

"ಆರು ತಿಂಗಳು."

"ಬೇಗ ಮಾಡ್ತಿಯಾ?"

ಮಾಡಿದೆ. ಜೂನಿನಲ್ಲಿ ಮುಗಿಯಿತು, ಒಂದು ಹನಿ ಸೋರಲಿಲ್ಲ. ಪಪ್ಪ ಫೆಬ್ರವರಿಯಲ್ಲೇ ಹೋಗಿದ್ದರು.