ರಸ್ತೆ ಕಾಣದ ಬೋರ್ಡು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಸುಳ್ಳು. ಅದು ಮೂಗಿಗಿಂತ ಎರಡು ಹೆಜ್ಜೆ ಮುಂದೆಯೇ ಇರುತ್ತದೆ. ದಿನಾ ಹೊನ್ನಾಳಿಯಿಂದ ಚನ್ನಗಿರಿಗೆ ಬಸ್ಸಿನಲ್ಲಿ ನಿಂತುಕೊಂಡು ಬಂದು, ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ, ಮತ್ತೆ ನಿಂತುಕೊಂಡೇ ಮನೆಗೆ ಹೋಗುವ ಹೆಂಗಸು, ಅದು ಸಾಲದೆಂದು ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಯನ್ನೂ ತಲೆಗೆ ಕಟ್ಟಿಕೊಂಡವಳು, ಶಾಂತಮೂರ್ತಿಯಾಗಿರಲು ಸಾಧ್ಯವೇ ನೀವೇ ಹೇಳಿ.

ನಾನು ಮಾಡಲು ಹೊರಟಿದ್ದು ಇಷ್ಟೇ. ಉಪಗ್ರಹ ಮೇಲಿನಿಂದ ನಮ್ಮ ನೆಲದ ಚಿತ್ರ ತೆಗೆಯುತ್ತದೆ. ಆ ಚಿತ್ರದ ಒಂದೊಂದು ಚುಕ್ಕಿಯೂ ಏನು ಎಂದು ಗುರುತಿಸಿ ವಿಂಗಡಿಸಬೇಕು: ನೀರೋ, ಭತ್ತವೋ, ಅಡಿಕೆಯೋ, ಮೆಕ್ಕೆಜೋಳವೋ, ಬೀಳು ಬಿದ್ದ ನೆಲವೋ, ರಸ್ತೆಯೋ. ಕಂಪ್ಯೂಟರಿಗೆ ಕೊಟ್ಟರೆ ಅದೂ ಮಾಡುತ್ತದೆ. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ಚಿತ್ರ ಹಾಕಿ, ಕ್ಯಾಂಟೀನಿಗೆ ಹೋಗಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ಟೀ ಕುಡಿದು ಬಂದರೂ ಅದು ಇನ್ನೂ ಗುಂಯ್‌ಗುಡುತ್ತಾ ಕೂತಿರುತ್ತದೆ. ನಾನು ಈ ಕೆಲಸಕ್ಕೆಂದೇ ಒಂದು ಬೋರ್ಡು ಕಟ್ಟುತ್ತಿದ್ದೆ. ಅದರ ನಡುವೆ ಎಫ್‌ಪಿಜಿಎ ಎಂಬ ಒಂದು ಚಿಪ್ಪು. ಅದರೊಳಗಿನ ಸರ್ಕ್ಯೂಟನ್ನು ನಮಗೆ ಬೇಕಾದ ಹಾಗೆ ನಾವೇ ಬರೆದು ತುಂಬಬಹುದು. ಹಬ್ಬದ ದಿನ ಹೋಳಿಗೆ ಮಾಡುವಾಗ ಒಬ್ಬಳು ಕಣಕ ಹಿಡಿದು, ಇನ್ನೊಬ್ಬಳು ಹೂರಣ ತುಂಬಿ, ಮತ್ತೊಬ್ಬಳು ತಟ್ಟಿ, ಮಗದೊಬ್ಬಳು ಹಂಚಿನ ಮೇಲೆ ಹಾಕುತ್ತಾಳಲ್ಲ, ಚುಕ್ಕಿಗಳು ಹಾಗೆ ಕೈಯಿಂದ ಕೈಗೆ ಸಾಗುತ್ತಾ ಹೋಗುತ್ತವೆ. ಯಾವ ಕೈಯೂ ಸುಮ್ಮನೆ ಕೂರುವುದಿಲ್ಲ. ಅಲ್ಲಿರುವ ವೇಗದ ಗುಟ್ಟೆಲ್ಲ ಇಷ್ಟೇ.

ಚಿಪ್ಪಿನ ಒಳಗಿನದು ನನ್ನದು, ಹೊರಗಿನದು ನಮ್ಮ ಲ್ಯಾಬಿನ ಮೇಷ್ಟ್ರದ್ದು. ಅವರು ಸಂತೇಬೆನ್ನೂರಿನ ಕಡೆಯವರು, ನಿವೃತ್ತಿಗೆ ಎರಡು ವರ್ಷ ಬಾಕಿ. ಕೂದಲೆಳೆಯಷ್ಟು ಸಣ್ಣ ಕಾಲುಗಳ ಚಿಪ್ಪನ್ನು ಕನ್ನಡಕ ಹಣೆಗೇರಿಸಿ, ಉಸಿರು ಬಿಗಿಹಿಡಿದು, ಬೆಸುಗೆ ಹಾಕಿ ಕೂರಿಸುತ್ತಿದ್ದರು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಮೊದಲ ಸಲ ಬೋರ್ಡು ಚಿತ್ರ ವಿಂಗಡಿಸಿ ಕೊಟ್ಟ ದಿನ ಗುಂಡಿ ಒತ್ತಿದ್ದೇ ತಡ, ಪರದೆಯ ಮೇಲೆ ಬಣ್ಣಗಳು ಪಟ್ಟನೆ ಬಂದು ಕೂತವು. ಸೂಳೆಕೆರೆ ಕಡುನೀಲಿಯಾಗಿ, ಹೊನ್ನಾಳಿಯ ಭತ್ತ ಎಳೆ ಹಸಿರಾಗಿ, ಜಗಳೂರಿನ ಎರೆ ನೆಲ ಕಂದಾಗಿ. ನಾನು "ಅಯ್ಯೋ!" ಎಂದು ಕಿರುಚಿಕೊಂಡೆ. ಪಕ್ಕದ ಕ್ಲಾಸಿನವರು ಶಾರ್ಟ್ ಸರ್ಕ್ಯೂಟ್ ಆಯಿತೆಂದು ಓಡಿ ಬಂದರು.

ಬೋರ್ಡು ಹೇಳಿದ್ದು ಸರಿಯೋ ತಪ್ಪೋ ಎಂದು ಊರೂರಿಗೆ ಹೋಗಿ ನೋಡಿಕೊಂಡು ಬರುವುದು ನಮ್ಮ ಕೆಲಸದ ಒಂದು ಭಾಗ. ಭಾನುವಾರ ಬಂತೆಂದರೆ ನಾನು ಸ್ಕೂಟಿ, ಮೇಷ್ಟ್ರು ಅವರ ಹಳೇ ಬೈಕು. ಸವಳಂಗದ ಹತ್ತಿರ ಬೋರ್ಡು "ಅಡಿಕೆ" ಎಂದ ಕಡೆ ಅಡಿಕೆಯೇ ಇತ್ತು, ಕುಣಿದಾಡುವಷ್ಟು ಖುಷಿಯಾಯಿತು. ಬಿಳಿಚೋಡಿನಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ನಾವು ಹಾಳೆ ಹಿಡಿದು ಹೊಲದ ಬದುವಿನ ಮೇಲೆ ಓಡಾಡುವುದನ್ನು ಬಹಳ ಹೊತ್ತು ನೋಡಿ ಕೇಳಿದ:

"ಆಕಾಶದಾಗಿಂದ ಕಂಡಿದ್ದನ್ನ ಮತ್ತೆ ನೆಲದ ಮ್ಯಾಲೆ ನೋಡಾಕೆ ಬಂದೀರೇನ್ರಿ?"

"ಹೌದಜ್ಜ."

"ಮೊದ್ಲೇ ನಮ್ಮನ್ನ ಕೇಳಿದ್ರೆ ಇಷ್ಟು ಎತ್ತರ ಹತ್ತೋದು ತಪ್ತಿತ್ತಲ್ರೀ."

ನನ್ನ ಸಂಶೋಧನೆಯ ಬಗ್ಗೆ ಇಷ್ಟು ಖಡಕ್ಕಾದ ಮಾತನ್ನು ಯಾವ ಪ್ರೊಫೆಸರೂ ಹೇಳಿರಲಿಲ್ಲ. ಬೈಕಿನ ಮೇಲೆ ಮೇಷ್ಟ್ರು ಜಗಳೂರಿನವರೆಗೂ ನಗುತ್ತಲೇ ಇದ್ದರು.

ಆದರೆ ಆ ವರ್ಷ ನಗುವಿಗೆ ಗಡುವಿತ್ತು. ನಾನು ಎರಡು ಸಲ ಪಿಎಚ್.ಡಿ. ಅವಧಿಯನ್ನು ವಿಸ್ತರಿಸಿಕೊಂಡಿದ್ದೆ. ಮೂರನೆಯ ಸಲ ಕೊಡುವುದಿಲ್ಲ ಎಂದು ಪತ್ರ ಬಂದಿತ್ತು. ಹೊರಗಿನಿಂದ ಒಬ್ಬ ಪರೀಕ್ಷಕರು ಬರುತ್ತಾರೆ, ಹೊಸ ಚಿತ್ರವೊಂದನ್ನು ಬೋರ್ಡಿಗೆ ಹಾಕಿಸಿ ನೋಡುತ್ತಾರೆ, ಒಪ್ಪಿದರೆ ಸರಿ, ಇಲ್ಲದಿದ್ದರೆ ನೋಂದಣಿ ರದ್ದು. ಆರು ವರ್ಷ ಬಸ್ಸಿನಲ್ಲಿ ನಿಂತುಕೊಂಡು ಓದಿದ್ದೆಲ್ಲ ನೀರಲ್ಲಿ ಹೋಮ.

ಅದಕ್ಕೆ ಮೂರು ವಾರ ಇರುವಾಗ ಬೋರ್ಡು ಕೈಕೊಟ್ಟಿತು. ಮೆಕ್ಕೆಜೋಳ ಕೊಯ್ಲಾದ ತಿಂಗಳ ಹೊಸ ಚಿತ್ರ ಹಾಕಿದ್ದೆವು. ಎಲ್ಲ ಸರಿ, ರಸ್ತೆಗಳು ಮಾತ್ರ ಮಧ್ಯೆ ಮಧ್ಯೆ ಮಾಯ! ಸಂತೇಬೆನ್ನೂರಿನ ಕಡೆ ಹೋಗುವ ರಸ್ತೆ ಒಂದಿಷ್ಟು ದೂರ ರಸ್ತೆಯಾಗಿ ಹೋಗಿ, ಆಮೇಲೆ "ಮಾಗಿದ ಮೆಕ್ಕೆಜೋಳ" ಎಂದಾಗಿ, ಮುಂದೆ ಮತ್ತೆ ರಸ್ತೆಯಾಗುತ್ತಿತ್ತು. ಅದೇ ಚಿತ್ರವನ್ನು ಕಂಪ್ಯೂಟರಿಗೆ ಹಾಕಿದರೆ ರಸ್ತೆ ಉದ್ದಕ್ಕೂ ನೆಟ್ಟಗೆ ಇತ್ತು. ಅಂದರೆ ತಪ್ಪು ಬೋರ್ಡಿನದೇ ಎಂದಾಯಿತಲ್ಲ.

ಬೋರ್ಡು ಬೇಗ ಓಡಲೆಂದು ಲೆಕ್ಕದಲ್ಲಿ ಬರುವ ಪುಡಿ ಭಿನ್ನಾಂಕಗಳನ್ನು ನಾನು ಕತ್ತರಿಸಿ ಹಾಕಿದ್ದೆ. ಅವನ್ನೆಲ್ಲ ಮತ್ತೆ ಸೇರಿಸಿದೆ, ರಸ್ತೆ ಬರಲಿಲ್ಲ. ವೇಗ ಅರ್ಧಕ್ಕೆ ಇಳಿಸಿದೆ, ಬರಲಿಲ್ಲ. ಒಂದು ವಾರ ಊಟ ನಿದ್ದೆ ಯಾವುದೂ ರುಚಿಸಲಿಲ್ಲ. ಕೊನೆಗೆ ನನ್ನ ಕೋಪ ಮೇಷ್ಟ್ರ ಮೇಲೆ ತಿರುಗಿತು.

"ನಿಮ್ಮ ಬೆಸುಗೆಯೇ ಎಲ್ಲೋ ಬಿಟ್ಟಿದೆ ಮೇಷ್ಟ್ರೇ."

ಅವರು ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿದರು. "ಬೆಸುಗೆ ಬಿಟ್ಟಿದ್ರೆ ರಸ್ತೆ ಒಂದೇ ಯಾಕೆ ಹೋಗ್ಬೇಕು ಮೇಡಮ್ನೋರೆ? ಕೆರೆನೂ ಹೋಗ್ಬೇಕಿತ್ತಲ್ಲ. ತೋಟನೂ ಹೋಗ್ಬೇಕಿತ್ತಲ್ಲ."

ಎಷ್ಟು ಸರಿಯಾದ ಮಾತು! ನನ್ನ ಕಿವಿಗೆ ಅದು ಬೀಳಲೇ ಇಲ್ಲ. "ವಯಸ್ಸಾಯ್ತು ನಿಮಗೆ, ಕೈ ನಡುಗುತ್ತಿರಬೇಕು" ಎಂದುಬಿಟ್ಟೆ. ಇಪ್ಪತ್ತು ಹುಡುಗರು ಲ್ಯಾಬಿನಲ್ಲಿದ್ದರು. ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಅಷ್ಟೂ ಕಾಲುಗಳನ್ನು ಬಿಡಿಸಿ, ಮತ್ತೆ ಮೊದಲಿನಿಂದ ಬೆಸೆದರು. ಎರಡು ದಿನ ಹಿಡಿಯಿತು. ಗುಂಡಿ ಒತ್ತಿದರೆ ರಸ್ತೆ ಮಾಯವಾದ ಕಡೆಯೇ ಮಾಯ. ಅವರು ಬೆಸುಗೆ ಕಡ್ಡಿಯ ಪ್ಲಗ್ ತೆಗೆದು, "ನಾಳೆ ಆ ಜಾಗಕ್ಕೇ ಹೋಗಿ ನೋಡಾಣ ಬರ್ರಿ" ಎಂದು ಮನೆಗೆ ಹೋದರು.

ಹೋದೆವು. ಬೆಳಗಿನ ಹತ್ತು ಗಂಟೆ, ಒಳ್ಳೇ ಚುರುಕು ಬಿಸಿಲು. ಸಂತೇಬೆನ್ನೂರು ಇನ್ನೂ ಸ್ವಲ್ಪ ದೂರವಿರುವಾಗ ಮೇಷ್ಟ್ರು ಬೈಕು ನಿಲ್ಲಿಸಿದರು. ಮುಂದೆ ರಸ್ತೆಯೇ ಇರಲಿಲ್ಲ. ಅಂದರೆ ಇತ್ತು, ಕಾಣುತ್ತಿರಲಿಲ್ಲ. ಡಾಂಬರಿನ ಮೇಲೆ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳದ ಕಾಳು ಹರವಿತ್ತು. ಬದಿಯಲ್ಲಿ ಬಸ್ಸಿನ ಒಂದು ಚಕ್ರ ಹೋಗುವಷ್ಟು ಮಾತ್ರ ದಾರಿ. ಸೆರಗು ತಲೆಗೆ ಸುತ್ತಿಕೊಂಡ ಒಬ್ಬ ಹೆಂಗಸು ಕಾಲಿನಿಂದ ಕಾಳನ್ನು ಸಾಲು ಸಾಲಾಗಿ ತಿರುವಿ ಹಾಕುತ್ತಾ ಬರುತ್ತಿದ್ದಳು.

ಪ್ರತಿ ವರ್ಷ ನೋಡುವ ದೃಶ್ಯ! ಕೊಯ್ಲಾದ ಮೇಲೆ ನಮ್ಮ ಕಡೆ ಮೆಕ್ಕೆಜೋಳ ಒಣಗುವುದೇ ರಸ್ತೆಯ ಮೇಲೆ. ದಿನಾ ಬಸ್ಸಿನ ಚಕ್ರ ಅದರ ಮೇಲೆ ಹತ್ತುವಾಗ ಡ್ರೈವರನನ್ನು ಬೈದುಕೊಂಡೇ ಕಾಲೇಜಿಗೆ ಬಂದವಳು ನಾನು. ಬಂದು ಕೂತು, ರಸ್ತೆ ಎಲ್ಲಿ ಹೋಯಿತು ಎಂದು ಸರ್ಕ್ಯೂಟಿನೊಳಗೆ ಹುಡುಕಿದವಳೂ ನಾನೇ. ಬೋರ್ಡು ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿತ್ತು: ಇಲ್ಲಿ ಮೆಕ್ಕೆಜೋಳ ಇದೆ ತಾಯಿ, ಮೆಕ್ಕೆಜೋಳ ಇದೆ.

ಹಾಗಾದರೆ ಕಂಪ್ಯೂಟರಿಗೆ ರಸ್ತೆ ಹೇಗೆ ಕಂಡಿತು? ಅಲ್ಲೇ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಾಗ ನೆನಪಾಯಿತು. ಮೂರು ವರ್ಷದ ಹಿಂದೆ ಒಂದು ಸಮ್ಮೇಳನಕ್ಕೆ ನಕ್ಷೆ ಚೆಂದ ಕಾಣಲೆಂದು, ತಾಲ್ಲೂಕಿನ ರಸ್ತೆ ನಕ್ಷೆಯನ್ನು ನಾನೇ ಕಂಪ್ಯೂಟರಿನ ಪ್ರೋಗ್ರಾಮಿಗೆ ಅಂಟಿಸಿದ್ದೆ. ಅದು ಚಿತ್ರದಲ್ಲಿ ರಸ್ತೆಯನ್ನು ನೋಡುತ್ತಲೇ ಇರಲಿಲ್ಲ. ನಕ್ಷೆ ನೋಡಿ ಕಾಪಿ ಹೊಡೆಯುತ್ತಿತ್ತು. ಕಾಪಿ ಹೊಡೆದವನನ್ನು ನಂಬಿ, ಕಣ್ಣಾರೆ ನೋಡಿ ಬರೆದವನಿಗೆ ಬೈದ ಮೇಡಂ ನಾನು. ನೆಲ ಬಿರಿದಿದ್ದರೆ ನಾಚಿಕೆಯಿಂದ ಅಲ್ಲೇ ಇಳಿದುಬಿಡುತ್ತಿದ್ದೆ. ಆದರೆ ಅದಕ್ಕಿಂತ ಜಾಸ್ತಿ ಖುಷಿ ಆಗುತ್ತಿತ್ತು, ಏನು ಮಾಡಲಿ? ನಗು ತಡೆಯಲಾಗಲಿಲ್ಲ. ಬಗ್ಗಿ ಒಂದು ಬೊಗಸೆ ಕಾಳೆತ್ತಿ ಮೇಷ್ಟ್ರ ಮುಂದೆ ಹಿಡಿದೆ.

"ತಪ್ಪಾಯ್ತು ಮೇಷ್ಟ್ರೇ. ಹುಡುಗರ ಮುಂದೆ ಆಡಬಾರದ್ದು ಆಡಿದೆ. ಹುಡುಗರ ಮುಂದೆಯೇ ಕ್ಷಮೆ ಕೇಳ್ತೀನಿ."

"ಅದೇನೋ ಕೇಳ್ರಿ," ಎಂದರು ಅವರು. "ಆದ್ರೆ ಆ ಕಾಳು ವಾಪಸ್ ಹಾಕ್ರಿ ಮೊದ್ಲು. ಆಯಮ್ಮ ನಿಮ್ಮನ್ನೇ ನೋಡ್ತೈತೆ."

ಆ ಹೆಂಗಸು ನಿಜವಾಗಿಯೂ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. ಮೇಷ್ಟ್ರು ಅವಳ ಹತ್ತಿರ ಹೋಗಿ ಅದೂ ಇದೂ ಮಾತಾಡಿ, ತಮ್ಮ ಮನೆಯ ಕೋಳಿಗಳಿಗೆ ಕಾಳು ಬೇಕೆಂದು ಹೇಳಿ ಫೋನ್ ನಂಬರು ಇಸಕೊಂಡರು. ಮರುದಿನ ಲ್ಯಾಬಿನಲ್ಲಿ ಅಷ್ಟೂ ಹುಡುಗರ ಮುಂದೆ ಕೈಮುಗಿದು ಕ್ಷಮೆ ಕೇಳಿದೆ. ಮೇಷ್ಟ್ರು ನಾಚಿ ಸ್ಟೋರ್ ರೂಮಿಗೆ ಓಡಿಹೋದರು.

ಪರೀಕ್ಷೆಯ ದಿನ ಬಂತು. ಪರೀಕ್ಷಕರು ಮಿತಭಾಷಿ. ನಗುವ ಅಭ್ಯಾಸ ಇದ್ದಂತೆ ಕಾಣಲಿಲ್ಲ. ಹಿಂದಿನ ದಿನವಷ್ಟೇ ತೆಗೆದ ಚಿತ್ರ ತಂದಿದ್ದರು. ಬೋರ್ಡು ಕಣ್ಣು ಮಿಟುಕಿಸುವಷ್ಟರಲ್ಲಿ ಬಣ್ಣ ತುಂಬಿ ಮುಗಿಸಿತು. ಅವರು ಗಡಿಯಾರ ನೋಡಿಕೊಂಡು ಇನ್ನೊಮ್ಮೆ ಮಾಡಿಸಿದರು. ಆಮೇಲೆ ತಾಲ್ಲೂಕಿನ ನಕ್ಷೆಯನ್ನು ಪಕ್ಕಕ್ಕಿಟ್ಟುಕೊಂಡು ಹೋಲಿಸುತ್ತಾ ಹೋದವರ ಬೆರಳು ಸಂತೇಬೆನ್ನೂರಿನ ಹತ್ತಿರ ನಿಂತಿತು.

"ಇಲ್ಲಿ ರಸ್ತೆ ಇದೆಯಲ್ಲ, ನಿಮ್ಮ ಬೋರ್ಡಿಗೆ ಕಾಣಲಿಲ್ಲವೇ?"

"ಕಂಡಿದೆ ಸರ್. ಅದರ ಮೇಲೆ ಮೆಕ್ಕೆಜೋಳ ಹರವಿದ್ದಾರೆ."

"ಹಾಗೆಂದು ನೀವು ಹೇಳುತ್ತೀರಿ. ಆಧಾರ?"

ಹಿಂದಿನ ವಾರ ನೋಡಿದ್ದೆ, ನಿಜ. ನಿನ್ನೆಯೂ ಇತ್ತೆಂದು ನಾನು ಹೇಗೆ ಹೇಳಲಿ? ಬೋರ್ಡು ಹಿಡಿದು ಹಿಂದೆ ನಿಂತಿದ್ದ ಮೇಷ್ಟ್ರು ಮೆಲ್ಲಗೆ, "ಆಯಮ್ಮಂಗೇ ಫೋನ್ ಮಾಡಿ ಕೇಳಾಣೇನ್ರಿ?" ಎಂದರು. ಪರೀಕ್ಷಕರು ಹುಬ್ಬೇರಿಸಿ, ಹೂಂ ಎನ್ನುವಂತೆ ತಲೆ ಆಡಿಸಿದರು. ಸ್ಪೀಕರ್ ಹಾಕಿ ನಾನೇ ಮಾತಾಡಿದೆ.

"ನಮಸ್ಕಾರಮ್ಮ. ನಾವು ಕಾಲೇಜಿನಿಂದ ಮಾತಾಡ್ತಿದ್ದೇವೆ. ನಿನ್ನೆ ನೀವು ರಸ್ತೆ ಮೇಲೆ ಮೆಕ್ಕೆಜೋಳ ಒಣಗಿಸಿದ್ದಿರಾ? ಆಕಾಶದಿಂದ ತೆಗೆದ ಫೋಟೋದಲ್ಲಿ ಕಾಣ್ತಿದೆ."

ಆ ಕಡೆಯಿಂದ ಆಣೆ ಇಟ್ಟಂತಹ ದನಿ: "ಇಲ್ರೀ ಯವ್ವಾ! ನಾವು ಯಾಕ್ರಿ ರಸ್ತೆ ಮ್ಯಾಲೆ ಹಾಕಾಣ? ಒಂದು ಕಾಳೂ ಹಾಕಿಲ್ರಿ! ಅದು ಬ್ಯಾರೆ ಯಾರದ್ದೋ ಇರ್ಬೇಕು!"

ಮುಗಿಯಿತು ನನ್ನ ಕಥೆ ಎಂದುಕೊಂಡೆ. ರಸ್ತೆ ಮೇಲೆ ಒಣಗಿಸಬಾರದೆಂದು ಗದರಲು ಯಾರೋ ಸಾಹೇಬರು ಫೋನ್ ಮಾಡಿದ್ದಾರೆಂದು ಆಯಮ್ಮ ಹೆದರಿದ್ದಳು. ಅದನ್ನು ಪರೀಕ್ಷಕರಿಗೆ ಹೇಗೆ ವಿವರಿಸಲಿ? ಅವರು ಆಗಲೇ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

ಮೇಷ್ಟ್ರು ಬೋರ್ಡನ್ನು ಮೇಜಿನ ಮೇಲಿಟ್ಟು ಫೋನಿನ ಕಡೆ ಬಗ್ಗಿದರು.

"ಅಕ್ಕಾ, ನಾನು ಕಣಕ್ಕಾ, ಕೋಳಿಗೆ ಕಾಳು ಕೇಳಿದ್ನಲ್ಲ. ಇವತ್ತು ಬಂದ್ರೆ ಒಯ್ಯಬೋದಾ? ಒಣಗ್ಯಾವಾ?"

"ಓ, ನೀವೇನ್ರಿ ಅಣ್ಣಾ! ಇವತ್ತು ಬ್ಯಾಡ್ರಿ, ಇನ್ನಾ ಹಸಿ ಐತೆ. ಮೂರು ದಿನದಿಂದ ಡಾಂಬರ್ ಮ್ಯಾಲೇ ಬಿದ್ದೈತೆ, ಮೋಡ ಬಿಡವಲ್ದು. ನಿನ್ನೆ ಒಂಚೂರು ಬಿಸ್ಲು ಬಿತ್ತು. ಇನ್ನೊಂದು ಬಿಸ್ಲು ಆಗ್ಲಿ, ನಾಡಿದ್ದು ಬರ್ರಿ."

ನಗದ ಪರೀಕ್ಷಕರು ನಕ್ಕರು ನೋಡಿ! ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಪೆನ್ನು ಹಿಡಿದು ಹಾಳೆಯ ಕೆಳಗೆ ಸಹಿ ಹಾಕಿ, ಅದನ್ನು ನನ್ನ ಕಡೆ ತಳ್ಳಿದರು. ಆಮೇಲೆ ತಾವೇ ಫೋನಿನ ಕಡೆ ವಾಲಿದರು.

"ತಾಯಿ, ನಿಮ್ಮ ಮೆಕ್ಕೆಜೋಳದಿಂದ ಇಲ್ಲಿ ಒಬ್ಬರು ಪಾಸಾದರು."

"ಹೌದೇನ್ರಿ? ಒಳ್ಳೇದಾತು ಬಿಡ್ರಿ. ಎಷ್ಟನೇ ಕ್ಲಾಸ್ರಿ?"

"ಕೊನೇ ಕ್ಲಾಸು. ಇದರ ಮುಂದೆ ಕ್ಲಾಸೇ ಇಲ್ಲ."

"ಹಂಗಾದ್ರೆ ಆ ಕೂಸು ಇನ್ನು ಓದಾದು ಸಾಕು, ಒಂದೀಟು ಕುಂತು ಸುಧಾರಿಸ್ಕೊಳ್ಳಿ ಅಂತ ಹೇಳ್ರಿ" ಎಂದಳು ಆ ತಾಯಿ.

ನಲವತ್ತೇಳು ವರ್ಷದ ಕೂಸು ಕುರ್ಚಿ ಎಳೆದುಕೊಂಡು ಕೂತು, ಎಲ್ಲರೆದುರಿಗೇ ಗಳಗಳನೆ ಅತ್ತುಬಿಟ್ಟಿತು.