ಕೊಕ್ಕರೆಗಳ ದೊರೆ

ಇಂಗ್ಲೆಂಡಿನ ಶ್ರಾಪ್‌ಶೈರಿನ ಹಾರ್ಕಂಬ್ ಬಂಗಲೆಯಲ್ಲಿ ನಾನು, ಹೆಸ್ಟರ್, ಹತ್ತೊಂಬತ್ತು ವರ್ಷ ದುಡಿದೆ. ನಮ್ಮ ದೊರೆ ಸರ್ ಲೂಷಿಯನ್ ಅವರ ಮುಖವನ್ನು ಸರಿಯಾಗಿ ನೋಡಿದ್ದು ಆರನೆಯ ವರ್ಷದಲ್ಲಿ. ಅವರು ಎದುರಾದರೆ ಆಳುಗಳು ಗೋಡೆಯತ್ತ ತಿರುಗಿ ನಿಲ್ಲಬೇಕಿತ್ತು. ಹೆಂಡತಿ ಮಗಳೊಡನೆಯೂ ಮಾತಿಲ್ಲ, ಏನಿದ್ದರೂ ಚೀಟಿ. ಅದನ್ನು ತಟ್ಟೆಯಲ್ಲಿಟ್ಟು ಒಯ್ಯುವವಳು ನಾನು. ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಚೀಟಿ, ಮಗಳ ಹುಟ್ಟುಹಬ್ಬಕ್ಕೂ ಚೀಟಿ.

ಅವರ ಜೀವವೆಲ್ಲ ಕೆರೆಯಂಚಿನ ಕೊಕ್ಕರೆಗಳ ಮೇಲೆ. ಅವು ಮರಿ ಮಾಡುವ ಕಾಲದಲ್ಲಿ ಗೇಟಿನೊಳಗೆ ಯಾವ ಗಾಡಿಯೂ ಬರುವಂತಿರಲಿಲ್ಲ.

೧೯೧೨ರ ಏಪ್ರಿಲ್‌ನಲ್ಲಿ ದೊರೆಸಾನಿಗೆ ನ್ಯುಮೋನಿಯಾ ಆಯಿತು. ಡಾಕ್ಟರ ಕಾರನ್ನು ಒಳಗೆ ಬಿಡಿ ಎಂದು ಮಗಳು ವಿನಿಫ್ರೆಡ್ ಬರೆದಳು. ಉತ್ತರ ಬಂತು: "ಮರಿಗಳಿಗೆ ರೆಕ್ಕೆ ಬಲಿತಿಲ್ಲ. ನಡೆದು ಬರಲಿ."

ಡಾಕ್ಟರಿಗೆ ಅರವತ್ತೆಂಟು, ಒಂದು ಕಾಲು ಕುಂಟು. ಗೇಟು ಕಾಯುವ ಒಬದಾಯ ಅವರೆದುರು ಕೈಮುಗಿಯುವುದೊಂದು ಬಾಕಿ. "ಬೀಗ ತೆಗೆದ್ರೆ ನನ್ನ ಹೆಂಡ್ತಿ ಮಕ್ಳು ಬೀದಿಗೆ ಬೀಳ್ತಾರೆ ಡಾಕ್ಟ್ರೇ." ಒಂದೂವರೆ ಮೈಲಿ ಮಳೆಯಲ್ಲಿ ನಡೆದು ಅವರು ಮೆಟ್ಟಿಲು ಹತ್ತುವ ಹೊತ್ತಿಗೆ ದೊರೆಸಾನಿಯ ತುಟಿ ನೀಲಿಗಟ್ಟಿತ್ತು. ಸಂಜೆಗೆ ಉಸಿರು ನಿಂತಿತು.

ಮರುದಿನ ಇನ್ನೊಂದು ಚೀಟಿ: "ಪೆಟ್ಟಿಗೆಗೆ ಮೊಳೆ ಹೊಡೆಯಬೇಡಿ. ಸದ್ದಿಗೆ ತಾಯಿಹಕ್ಕಿಗಳು ಗೂಡು ಬಿಡುತ್ತವೆ."

ವಿನಿಫ್ರೆಡ್ ಓದಿ ನಕ್ಕುಬಿಟ್ಟಳು. ಆ ನಗು ಕೇಳಿ ನನಗೆ ಭಯವಾಯಿತು.

"ಹೆಸ್ಟರ್, ಹಗ್ಗ ಇದ್ಯಾ?"

ಬಟ್ಟೆ ಒಣಗಿಸುವ ಹಗ್ಗದಿಂದ ಇಬ್ಬರೂ ಸೇರಿ ಶವಪೆಟ್ಟಿಗೆ ಬಿಗಿದೆವು. ಮಣ್ಣು ಮಾಡಲು ಗಂಡ ಬರಲಿಲ್ಲ. ಎಲ್ಲ ಮುಗಿದ ಮೇಲೆ ಅವಳು ಮನೆಯ ಕಡೆ ತಿರುಗದೆ ಸೀದಾ ರೈಲು ನಿಲ್ದಾಣದ ಹಾದಿ ಹಿಡಿದಳು.

"ಬಟ್ಟೆಬರೆ ಅಮ್ಮಣ್ಣಿ?"

"ಆ ಮನೇದು ಒಂದು ದಾರಾನೂ ಬೇಡ ಕಣೆ."

ಅವಳು ಹೋದ ಸಂಗತಿಯನ್ನು ದೊರೆಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅವರೂ ವಿಚಾರಿಸಲಿಲ್ಲ. ಎರಡು ವರ್ಷದ ಮೇಲೆ ಅವರ ಕಣ್ಣು ಮಂಜಾಯಿತು. ಸೊಟ್ಟ ಅಕ್ಷರದ ಚೀಟಿ ಬಂತು: "ವಿನಿಫ್ರೆಡ್ ಬಂದು ಪತ್ರಿಕೆ ಓದಲಿ."

ನಾನೇ ಹೋದೆ. ಮೊದಲ ದಿನ ನಾಲಿಗೆ ತೊದಲಿತು. ಕೊನೆಯವರೆಗೂ ಕೇಳಿ, "ನಾಳೇನೂ ಬಾ ವಿನಿಫ್ರೆಡ್" ಎಂದರು. ಮಗಳ ದನಿ ಎಂದಾದರೂ ಕಿವಿಗೆ ಹಾಕಿಕೊಂಡಿದ್ದರೆ ತಾನೆ ಗುರುತು ಸಿಗುವುದು! ಹೀಗೆ ನಾಲ್ಕು ವರ್ಷ ಓದಿದೆ. ಒಮ್ಮೆ ನನ್ನ ಕೈ ಹಿಡಿದು, "ಥೇಟ್ ನಿಮ್ಮಮ್ಮನ ಕೈ" ಎಂದರು. ಪಾತ್ರೆ ತಿಕ್ಕಿ ಬಿರುಕು ಬಿಟ್ಟ ಕೈ ನನ್ನದು. ಆ ತಾಯಿ ಒಂದು ಲೋಟ ತೊಳೆದವರಲ್ಲ.

ದೊರೆ ಸತ್ತ ವಾರದ ಮೇಲೆ ವಿನಿಫ್ರೆಡ್ ಬಂದಳು. ಗೇಟು ತೆರೆದೇ ಇತ್ತು, ಒಳಗೆ ಕಾಲಿಡಲಿಲ್ಲ.

"ಯಾವತ್ತಾದ್ರೂ ನನ್ನ ಕೇಳಿದ್ರಾ?"

"ದಿನಾ ಹೆಸರು ಹಿಡಿದು ಕರೀತಿದ್ರು ಅಮ್ಮಣ್ಣಿ."

ಅವಳು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು. "ಒಂದ್ಸಲ ಬಂದು ಹೋಗಿದ್ರೆ ಆಗ್ತಿತ್ತು..." ಎಂದು ಬಿಕ್ಕತೊಡಗಿದಳು. ಅವರು ಕರೆಯುತ್ತಿದ್ದುದು ಯಾರನ್ನೆಂದು ಹೇಳಹೊರಟವಳು, ಬಿರುಕು ಬಿಟ್ಟ ಕೈಗಳನ್ನು ಏಪ್ರನ್ನಿನಲ್ಲಿ ಮರೆಸಿಕೊಂಡು ಅವಳ ಪಕ್ಕ ಕೂತೆ.